ಒಂದೇ ಕೌಂಟಿ, ಊರಿಗೊಂದು ಕಾನೂನು: ಬಾಡಿಗೆ ಮನೆ ಖಾಲಿ ಮಾಡಿಸುವ ಮುಂಚೆ

"ಸರ್, ಎರಡನೇ ತಿಂಗಳೂ ಬಾಡಿಗೆ ಬಂದಿಲ್ಲ. ಮೂರು ದಿನದ ನೋಟಿಸ್ ನಾನೇ ಬಾಗಿಲಿಗೆ ಅಂಟಿಸಿ ಬಂದೆ. ಇನ್ನು ಎಷ್ಟು ದಿನದಲ್ಲಿ ಖಾಲಿ ಮಾಡಿಸಬಹುದು?"

ಇಂಥ ಫೋನ್ ನನಗೆ ಆಗಾಗ ಬರುತ್ತದೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಬೇರೆಯವರ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನು ವಕೀಲನಲ್ಲ. ಆದರೆ ಖಾಲಿ ಮಾಡಿಸುವ ಕೇಸು ಎಲ್ಲಿ ಎಡವುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ. ಇಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ಕನ್ನಡದವರು ಬಹಳ ಜನ ಇದ್ದಾರೆ. ಹೆಚ್ಚಿನವರಿಗೆ ಒಂದು ಅಥವಾ ಎರಡು ಮನೆ. ಹಗಲೆಲ್ಲ ಆಫೀಸ್ ಕೆಲಸ, ಮನೆಯ ವ್ಯವಹಾರ ವಾರಾಂತ್ಯಕ್ಕೆ. ಈ ಅಂಕಣ ಅವರಿಗಾಗಿ.

ಫೋನ್ ಮಾಡಿದವರದ್ದು ಸ್ಯಾನ್ ಹೋಸೆಯ ಪೂರ್ವ ಭಾಗದಲ್ಲಿ ನಾಲ್ಕು ಮನೆಗಳಿರುವ ಒಂದು ಹಳೆಯ ಕಟ್ಟಡ. ನೋಟಿಸ್‌ನ ಫೋಟೋ ವಾಟ್ಸಾಪ್ ಮಾಡಿ ಎಂದೆ. ತಿಂಗಳಿಗೆ 2,800 ಡಾಲರ್ ಬಾಡಿಗೆ, ಎರಡು ತಿಂಗಳಿಗೆ 5,600. ನೋಟಿಸ್‌ನಲ್ಲಿ 5,750 ಎಂದಿತ್ತು. ತಡವಾಗಿದ್ದಕ್ಕೆ ತಿಂಗಳಿಗೆ 75 ಡಾಲರ್ ದಂಡ ಸೇರಿಸಿದ್ದರು. ಅಗ್ರಿಮೆಂಟ್‌ನಲ್ಲಿ ಆ ದಂಡ ಇದೆ, ನಿಜ. ಆದರೆ ದಂಡ ಬಾಡಿಗೆ ಅಲ್ಲ. ಬಾಡಿಗೆ ಕೊಡಿ ಇಲ್ಲವೇ ಮನೆ ಬಿಡಿ ಎನ್ನುವ ಮೂರು ದಿನದ ನೋಟಿಸ್‌ನಲ್ಲಿ ಬಾಕಿ ಬಾಡಿಗೆಗಿಂತ ಹೆಚ್ಚು ಕೇಳಿದರೆ ನೋಟಿಸೇ ಬಿದ್ದುಹೋಗುತ್ತದೆ. 150 ಡಾಲರ್ ಆಸೆಗೆ ಇಡೀ ಕೇಸು ಮೊದಲಿನಿಂದ ಶುರು.

ಇನ್ನೂ ಮೂರು ತಪ್ಪುಗಳಿದ್ದವು. ಗುರುವಾರ ಸಂಜೆ ಅಂಟಿಸಿದವರು ಭಾನುವಾರಕ್ಕೆ ಮೂರು ದಿನ ಆಯಿತು ಎಂದು ಎಣಿಸಿದ್ದರು. ಈ ಲೆಕ್ಕದಲ್ಲಿ ಶನಿವಾರ, ಭಾನುವಾರ, ಕೋರ್ಟ್ ರಜೆ ಸೇರುವುದಿಲ್ಲ. ಶುಕ್ರವಾರ ಒಂದು, ಸೋಮವಾರ ಎರಡು, ಮಂಗಳವಾರ ಮೂರು. ಬುಧವಾರಕ್ಕೆ ಮುಂಚೆ ಕೋರ್ಟಿಗೆ ಹೋಗುವ ಹಾಗಿಲ್ಲ. ಎರಡನೆಯದು, ಸುಮ್ನೆ ಬಾಗಿಲಿಗೆ ಅಂಟಿಸಿದರೆ ಸಾಲದು. ಮೊದಲು ಕೈಗೇ ಕೊಡಲು ಪ್ರಯತ್ನಿಸಬೇಕು. ಅವರು ಸಿಗದಿದ್ದರೆ ಮನೆಯಲ್ಲಿರುವ ಇನ್ನೊಬ್ಬ ದೊಡ್ಡವರ ಕೈಗೆ ಕೊಟ್ಟು ಅಂಚೆಯಲ್ಲೂ ಕಳಿಸಬೇಕು. ಅದೂ ಆಗದಿದ್ದಾಗ ಮಾತ್ರ ಅಂಟಿಸುವುದು, ಜೊತೆಗೆ ಅಂಚೆ. ಮೂರನೆಯದು, ಆ ಕಟ್ಟಡ ಸ್ಯಾನ್ ಹೋಸೆ ನಗರದ ಬಾಡಿಗೆದಾರರ ರಕ್ಷಣೆಯ ನಿಯಮದೊಳಗೆ ಬರುತ್ತದೆ. ನೋಟಿಸ್‌ನ ಪ್ರತಿಯನ್ನು ನಗರಾಡಳಿತಕ್ಕೂ ಸಲ್ಲಿಸಬೇಕಿತ್ತು. ಅದು ಅವರಿಗೆ ಗೊತ್ತೇ ಇರಲಿಲ್ಲ.

ನನ್ನ ಅನುಭವದಲ್ಲಿ ಮಾಲೀಕರಿಗೆ ದೊಡ್ಡ ಅಪಾಯ ಇರುವುದು ಇಂಥ ಕಾಗದಗಳಲ್ಲೇ. ಬಾಡಿಗೆ ತಪ್ಪಿಸುವವರು ಎಲ್ಲ ಊರಲ್ಲೂ ಇರುತ್ತಾರೆ. ಒಂದು ತಿಂಗಳ ನಷ್ಟವನ್ನು ಐದು ತಿಂಗಳ ನಷ್ಟ ಮಾಡುವುದು ತಪ್ಪು ನೋಟಿಸ್, ಹಳೆಯ ಅಗ್ರಿಮೆಂಟ್, ಮತ್ತು ಮನೆ ಯಾವ ನಗರದ ಗಡಿಯೊಳಗಿದೆ ಎಂದು ನೋಡದೇ ಇರುವುದು.

ಈ ಗಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೌಂಟಿಯಲ್ಲಿ 15 ನಗರಗಳಿವೆ. ಕೋರ್ಟ್ ಒಂದೇ, ಕೋರ್ಟ್ ಆದೇಶ ಜಾರಿ ಮಾಡುವ ಶೆರಿಫ್ ಒಬ್ಬರೇ, ನಿಯಮ ಮಾತ್ರ ಬೇರೆ ಬೇರೆ. ಸ್ಯಾನ್ ಹೋಸೆಯಲ್ಲಿ 1979ರ ಸೆಪ್ಟೆಂಬರ್ 7ಕ್ಕೆ ಮುಂಚಿನ, ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಕ್ಕೆ ವರ್ಷಕ್ಕೆ 5 ಶೇಕಡಾಗಿಂತ ಜಾಸ್ತಿ ಬಾಡಿಗೆ ಏರಿಸುವ ಹಾಗಿಲ್ಲ. ಮೌಂಟನ್ ವ್ಯೂ ಮತದಾರರು 2016ರ ನವೆಂಬರ್‌ನಲ್ಲಿ ತಮ್ಮದೇ ಬಾಡಿಗೆ ನಿಯಂತ್ರಣ ಕಾನೂನು ತಂದುಕೊಂಡರು. ಅಲ್ಲಿ 1995ರ ಫೆಬ್ರುವರಿಗಿಂತ ಹಳೆಯ ಅಪಾರ್ಟ್‌ಮೆಂಟ್‌ಗಳಿಗೆ ಏರಿಕೆಯ ಮಿತಿ ಇದೆ. ಕುಪರ್ಟಿನೋದಲ್ಲಿ ಅಂಥ ನಗರ ಕಾನೂನು ಇಲ್ಲ, ರಾಜ್ಯದ ಕಾನೂನೇ ಗತಿ.

ಅಂಚೆ ವಿಳಾಸ ನಂಬಬೇಡಿ. 95129 ಪಿನ್‌ಕೋಡ್‌ನ ಎಷ್ಟೋ ಮನೆಗಳ ಮಕ್ಕಳು ಹೋಗುವುದು ಕುಪರ್ಟಿನೋ ಶಾಲೆಗಳಿಗೆ. ಮಾಲೀಕರೂ ನಮ್ಮದು ಕುಪರ್ಟಿನೋ ಅಂತಲೇ ಮಾತಾಡುತ್ತಾರೆ. ಆದರೆ ಮನೆ ಇರುವುದು ಸ್ಯಾನ್ ಹೋಸೆ ನಗರದಲ್ಲಿ. ಅದರ ತದ್ವಿರುದ್ಧವೂ ಇದೆ. ವಿಳಾಸದಲ್ಲಿ ಸ್ಯಾನ್ ಹೋಸೆ ಎಂದಿದ್ದರೂ ಯಾವ ನಗರಕ್ಕೂ ಸೇರದೆ ನೇರ ಕೌಂಟಿಯ ಕೈಕೆಳಗಿರುವ ತುಂಡು ಜಾಗಗಳಿವೆ. ಪೂರ್ವದ ಬೆಟ್ಟದ ತಪ್ಪಲಿನಲ್ಲಿ, ಬರ್ಬ್ಯಾಂಕ್ ಕಡೆ ಇವು ಸಿಗುತ್ತವೆ. ನಗರದ ಜಾಲತಾಣದ ನಕ್ಷೆಯಲ್ಲಿ ಮನೆ ನಂಬರ್ ಹಾಕಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಊರು ಬದಲಾದರೆ ಅಪಾಯದ ಸ್ವರೂಪವೂ ಬದಲಾಗುತ್ತದೆ. ಕುಪರ್ಟಿನೋ, ಸನಿವೇಲ್ ಕಡೆ ಬಾಡಿಗೆಗೆ ಇರುವವರಲ್ಲಿ ನಮ್ಮಂಥವರೇ ಬಹಳ. ಕೆಲಸ ಹೋದರೆ ಎಚ್-1ಬಿ ವೀಸಾದವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅವರು ಬಾಡಿಗೆ ಕೊಡದೆ ಕೂತು ಕೋರ್ಟಿಗೆ ಬರುವವರಲ್ಲ. ಅಗ್ರಿಮೆಂಟ್ ಮಧ್ಯದಲ್ಲೇ ಬಿಟ್ಟು ಹೊರಡುತ್ತಾರೆ. ಆಗ "ವರ್ಷದ ಬಾಕಿ ಬಾಡಿಗೆಯೆಲ್ಲ ಕೊಡಿ" ಎಂದು ಕೂರಲು ಆಗುವುದಿಲ್ಲ. ಇನ್ನೊಬ್ಬರನ್ನು ಹುಡುಕಲು ಪ್ರಾಮಾಣಿಕವಾಗಿ ಪ್ರಯತ್ನಿಸುವ ಹೊಣೆ ಮಾಲೀಕರದ್ದು. ಅಲ್ಲಿನ ಅಪಾಯ ಖಾಲಿ ಮನೆ. ಸ್ಯಾನ್ ಹೋಸೆಯ ಪೂರ್ವಕ್ಕೆ ಬನ್ನಿ. ಗಂಟೆ ಲೆಕ್ಕದ ಕೂಲಿ, ಎರಡು ಸಂಸಾರ ಸೇರಿ ಒಂದು ಮನೆ. ಒಬ್ಬರ ಪಾಳಿ ಕಡಿಮೆಯಾದರೆ ಬಾಡಿಗೆ ತಪ್ಪುತ್ತದೆ. ಬಿಟ್ಟು ಹೋಗಲು ಬೇರೆ ಜಾಗ ಇಲ್ಲ, ಅದಕ್ಕೇ ಇರುತ್ತಾರೆ. ಕೇಸು ಕೋರ್ಟಿಗೆ ಹೋಗುವುದು ಹೆಚ್ಚಾಗಿ ಇಂಥ ಕಡೆಯಿಂದ.

ಈಗ ರಾಜ್ಯದ ಕಾನೂನು. 2020ರ ಜನವರಿ 1ರಿಂದ ಜಾರಿಯಲ್ಲಿರುವ ಎಬಿ 1482 ಪ್ರಕಾರ, ಬಾಡಿಗೆದಾರರು 12 ತಿಂಗಳು ಪೂರೈಸಿದ ಮೇಲೆ ಕಾರಣ ಇಲ್ಲದೆ ಬಿಡಿಸುವ ಹಾಗಿಲ್ಲ. ಬಾಡಿಗೆ ಏರಿಕೆಗೂ ಮಿತಿ ಇದೆ: 5 ಶೇಕಡಾ ಜೊತೆಗೆ ಬೆಲೆ ಏರಿಕೆ ದರ, ಎಲ್ಲ ಸೇರಿ 10 ದಾಟಬಾರದು. ಸ್ವಂತ ಹೆಸರಿನಲ್ಲಿರುವ ಒಂಟಿ ಮನೆಗೆ ವಿನಾಯಿತಿ ಇದೆ. "ನಮ್ಮದು ಒಂಟಿ ಮನೆ, ನಮಗೆ ಅದು ಅನ್ವಯಿಸಲ್ಲ" ಎಂದು ಎಷ್ಟೋ ಜನ ನೆಮ್ಮದಿಯಾಗಿರುತ್ತಾರೆ. ಆದರೆ ವಿನಾಯಿತಿ ತಾನಾಗಿಯೇ ಸಿಗುವುದಿಲ್ಲ. ಈ ಮನೆ ಆ ಕಾನೂನಿಗೆ ಒಳಪಟ್ಟಿಲ್ಲ ಎನ್ನುವ ಮಾತು, ಕಾನೂನೇ ಹೇಳಿರುವ ಒಕ್ಕಣೆಯಲ್ಲಿ, ಅಗ್ರಿಮೆಂಟ್‌ನಲ್ಲಿ ಇರಬೇಕು. ಅಂತರ್ಜಾಲದಿಂದ ಇಳಿಸಿಕೊಂಡ 2015ರ ಫಾರ್ಮ್‌ನಲ್ಲಿ ಅದು ಇರುವುದಿಲ್ಲ, ಅಲ್ವಾ? ಆ ಒಂದು ಪ್ಯಾರಾ ಇಲ್ಲದಿದ್ದರೆ ವಿನಾಯಿತಿಯೂ ಇಲ್ಲ. ಹಿತ್ತಲಿನಲ್ಲಿ ಚಿಕ್ಕ ಮನೆ ಕಟ್ಟಿಸಿ ಎರಡನ್ನೂ ಬೇರೆ ಬೇರೆಯವರಿಗೆ ಬಾಡಿಗೆಗೆ ಕೊಟ್ಟಿದ್ದರೆ, ಅದು ಒಂಟಿ ಮನೆ ಎಂಬ ವಾದ ನಿಲ್ಲುವುದೂ ಕಷ್ಟ. ಮನೆಯನ್ನು ಎಲ್ಎಲ್‌ಸಿ ಹೆಸರಿಗೆ ಮಾಡಿಸಿದವರು ಇನ್ನೊಂದು ಗಮನಿಸಬೇಕು. ಕಂಪನಿಯ ಪರವಾಗಿ ನೀವೇ ಕೋರ್ಟಿನಲ್ಲಿ ನಿಂತು ವಾದ ಮಾಡುವಂತಿಲ್ಲ, ವಕೀಲರು ಬೇಕೇ ಬೇಕು.

ನಮ್ಮವರು ಅತಿ ಹೆಚ್ಚು ಕೇಳುವ ಪ್ರಶ್ನೆಗೆ ಬರುತ್ತೇನೆ. "ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಅವರಿಗೆ ಆ ಮನೆ ಬೇಕು. ಅಷ್ಟು ಕಾರಣ ಸಾಕಲ್ವಾ?"

ವಿನಾಯಿತಿ ಇಲ್ಲದ ಮನೆಯಾದರೆ, ಸಾಕಾಗದೇ ಇರಬಹುದು. ಕುಟುಂಬದವರು ವಾಸಕ್ಕೆ ಬರುತ್ತಾರೆ ಎನ್ನುವುದು ಕಾನೂನು ಒಪ್ಪುವ ಕಾರಣವೇ. ಆದರೆ 2024ರ ಏಪ್ರಿಲ್ 1ರಿಂದ ನಿಯಮ ಬಿಗಿಯಾಗಿದೆ. ಬರುವವರ ಹೆಸರು, ಸಂಬಂಧ ನೋಟಿಸ್‌ನಲ್ಲೇ ಬರೆಯಬೇಕು. ಮನೆ ಖಾಲಿಯಾದ 90 ದಿನದೊಳಗೆ ಅವರು ಒಳಗೆ ಬರಬೇಕು. ಬಂದು ಕನಿಷ್ಠ 12 ತಿಂಗಳು ಸತತವಾಗಿ ಅದನ್ನೇ ಮುಖ್ಯ ಮನೆ ಮಾಡಿಕೊಂಡು ಇರಬೇಕು. ವಿಸಿಟರ್ ವೀಸಾದಲ್ಲಿ ಬರುವ ತಂದೆ ತಾಯಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಅವರು ಯುಗಾದಿಗೆ ಬಂದು ದಸರಾ ಹೊತ್ತಿಗೆ ಮೈಸೂರಿಗೆ ವಾಪಸ್ ಹೋದರೆ, ನೀವು ಬಿಡಿಸಿದ ಬಾಡಿಗೆದಾರರಿಗೆ ಅದೇ ಮನೆಯನ್ನು ಹಳೆಯ ಬಾಡಿಗೆಗೇ ಮತ್ತೆ ಕೊಡಲು ಮುಂದಾಗಬೇಕು. ಅವರ ಸಾಗಾಟದ ಖರ್ಚೂ ನಿಮ್ಮದು. ಅವರು ಕೋರ್ಟಿಗೆ ಹೋದರೆ ಪರಿಹಾರ ಇನ್ನೂ ದೊಡ್ಡದಾಗಬಹುದು. ತಮ್ಮ ಬರ್ತಾನೆ, ಅಕ್ಕ ಬರ್ತಾಳೆ ಎನ್ನುವುದಂತೂ ನಡೆಯುವುದೇ ಇಲ್ಲ. ಗಂಡ ಅಥವಾ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ತಂದೆ ತಾಯಿ, ಅಜ್ಜ ಅಜ್ಜಿ ಪಟ್ಟಿಯಲ್ಲಿದ್ದಾರೆ. ಒಡಹುಟ್ಟಿದವರು ಇಲ್ಲ. ಬಾಡಿಗೆದಾರರ ತಪ್ಪಿಲ್ಲದೆ ಬಿಡಿಸುವಾಗ ಒಂದು ತಿಂಗಳ ಬಾಡಿಗೆಯಷ್ಟು ಹಣ ಕೊಡಬೇಕು, ಇಲ್ಲವೇ ಕೊನೆಯ ತಿಂಗಳು ಬಿಡಬೇಕು. ಅದನ್ನು ತಪ್ಪಿಸಿದರೂ ನೋಟಿಸ್ ನಿಲ್ಲುವುದಿಲ್ಲ.

ಬೆಂಗಳೂರಿನ ಅಭ್ಯಾಸ ಇಲ್ಲಿ ತರಬೇಡಿ ಎಂದು ನಾನು ಪದೇ ಪದೇ ಹೇಳುತ್ತೇನೆ. ಅಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೈಯಲ್ಲಿಟ್ಟುಕೊಂಡ ಓನರ್‌ಗೆ ಒಂದು ಧೈರ್ಯ ಇರುತ್ತಿತ್ತು. ಇಲ್ಲಿ 2024ರ ಜುಲೈ 1ರಿಂದ ಡೆಪಾಸಿಟ್ ಒಂದು ತಿಂಗಳ ಬಾಡಿಗೆ, ಅಷ್ಟೇ. ಎರಡೇ ಆಸ್ತಿ, ಒಟ್ಟು ನಾಲ್ಕೇ ಮನೆ ಇರುವ ಸಣ್ಣ ಮಾಲೀಕರಿಗೆ ಎರಡು ತಿಂಗಳು. ಬೀಗ ಬದಲಿಸುವುದು, ನೀರು ನಿಲ್ಲಿಸುವುದು, ಕರೆಂಟ್ ಕಟ್ ಮಾಡಿಸುವುದು ಕಾನೂನುಬಾಹಿರ. ಅದಕ್ಕೆ ದಿನಕ್ಕೆ 100 ಡಾಲರ್‌ವರೆಗೆ ದಂಡ, ಅದರ ಮೇಲೆ ನಷ್ಟ ಪರಿಹಾರ. ಸಿಟ್ಟಿನಲ್ಲಿ ಮಾಡಿದ ಒಂದು ಗಂಟೆಯ ಕೆಲಸದಿಂದ ಗೆಲ್ಲುವ ಕೇಸನ್ನು ಸೋತವರಿದ್ದಾರೆ.

ರಿಪೇರಿ ಮುಂದೂಡುವುದೂ ಅಷ್ಟೇ ಕೆಟ್ಟದ್ದು. ಒಮ್ಮೆ ನಾನು ಒಂದು ಅಡುಗೆಮನೆಯ ಸಿಂಕ್ ಕೆಳಗಿನ ಕಪಾಟು ತೆಗೆದು ನೋಡಿದೆ. ಹಲಗೆ ಉಬ್ಬಿ ಕಪ್ಪು ಬೂಷ್ಟು ಹಿಡಿದಿತ್ತು. ಪೈಪಿನ ಕೆಳಗೆ ಮೊಸರಿನ ಡಬ್ಬಿ ಇಟ್ಟಿದ್ದರು, ಅರ್ಧ ತುಂಬಿತ್ತು. ಬಾಡಿಗೆದಾರರ ಫೋನಿನಲ್ಲಿ ಮಾಲೀಕರಿಗೆ ಕಳಿಸಿದ ಐದು ಮೆಸೇಜು, ಐದಕ್ಕೂ ಉತ್ತರ ಇಲ್ಲ. ವಾಸಕ್ಕೆ ಯೋಗ್ಯವಾದ ಮನೆ ಕೊಡುವುದು ಮಾಲೀಕರ ಕರ್ತವ್ಯ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ. ಬಾಡಿಗೆ ಬಾಕಿ ಕೇಸಿನಲ್ಲಿ ಬಾಡಿಗೆದಾರರು ಎತ್ತುವ ಬಲವಾದ ಆಕ್ಷೇಪ ಇದು. ಸಣ್ಣ ರಿಪೇರಿಯನ್ನು ಅದೇ ವಾರ ಮಾಡಿಸಿ. ಫೋಟೋ, ಬಿಲ್ಲು ಇಟ್ಟುಕೊಳ್ಳಿ.

ಎಲ್ಲ ಸರಿಯಾಗಿ ಮಾಡಿದರೂ ಎಷ್ಟು ದಿನ? ಮೂರು ದಿನದ ನೋಟಿಸ್ ಮುಗಿದು ಕೇಸು ಹಾಕಿದ ಮೇಲೆ ಬಾಡಿಗೆದಾರರಿಗೆ ಉತ್ತರ ಕೊಡಲು ಮೊದಲು ಐದು ಕೋರ್ಟ್ ದಿನ ಇತ್ತು. 2025ರ ಜನವರಿ 1ರಿಂದ ಹತ್ತು. ರಜೆ ಬಿಟ್ಟರೆ ಎರಡು ವಾರ. ಉತ್ತರ ಕೊಟ್ಟರೆ ವಿಚಾರಣೆ, ಅದು ಕೋರಿಕೆ ಸಲ್ಲಿಸಿದ 20 ದಿನದೊಳಗೆ. ಗೆದ್ದ ಮೇಲೆ ಆದೇಶ ಶೆರಿಫ್ ಕಚೇರಿಗೆ ಹೋಗಬೇಕು, ಅವರು ಐದು ದಿನದ ನೋಟಿಸ್ ಅಂಟಿಸಬೇಕು, ಆಮೇಲೆ ಬೀಗ. ಎಲ್ಲೂ ಎಡವದಿದ್ದರೂ ಎರಡು ಮೂರು ತಿಂಗಳು ಎಂದಿಟ್ಟುಕೊಳ್ಳಿ. ಮಧ್ಯೆ ರಾತ್ರಿ ಹನ್ನೊಂದಕ್ಕೆ ಬಾಡಿಗೆದಾರರು ನಿಮ್ಮ ಖಾತೆಗೆ 500 ಡಾಲರ್ ಝೆಲ್ ಮಾಡಿಬಿಡಬಹುದು. ಖುಷಿಪಟ್ಟು ಇಟ್ಟುಕೊಂಡರೆ ನೋಟಿಸ್ ಕೆಡುತ್ತದೆ. ಕೇಸು ಮುಂದುವರಿಸುವುದಾದರೆ ತಕ್ಷಣ ವಕೀಲರನ್ನು ಕೇಳಿ.

ಹಾಗಾಗಿ ಕೋರ್ಟಿಗೆ ಮುಂಚೆ ಮಾತು. ಬಾಡಿಗೆ ತಡವಾದ ಮೊದಲ ವಾರವೇ ಫೋನ್ ಮಾಡಿ. ಕೌಂಟಿಯಲ್ಲಿ ಬಾಡಿಗೆ ಬಾಕಿಗೆ ಸಹಾಯ ಮಾಡುವ ವ್ಯವಸ್ಥೆ ಇದೆ, 211ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಬಾಡಿಗೆದಾರರಿಗೆ ಆ ನಂಬರ್ ಕೊಡುವುದರಿಂದ ಮಾಲೀಕರಿಗೇ ಲಾಭ. ಎದುರಿಗಿರುವವರ ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಿರುತ್ತಾರೆ. ಬೀಗ ಬಿದ್ದರೆ ಅವರು ಕಾರಿನಲ್ಲಿ ಮಲಗಬೇಕಾಗಬಹುದು. ಈ ಕೌಂಟಿಯಲ್ಲಿ ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲೆಕ್ಕ ಹಾಕುವಾಗ ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ ಎಂದು ನನ್ನ ಕೋರಿಕೆ.

ಆ ನಾಲ್ಕು ಮನೆಯ ಕಟ್ಟಡದ ಮಾಲೀಕರೊಂದಿಗೆ ಒಂದು ಹಾಳೆ ತೆಗೆದುಕೊಂಡು ಕೂತೆ. ಹೊಸ ನೋಟಿಸ್ ಕೊಟ್ಟು ಕೋರ್ಟಿಗೆ ಹೋದರೆ ಇನ್ನೂ ಮೂರು ತಿಂಗಳ ಬಾಡಿಗೆ 8,400 ಡಾಲರ್ ಹೋಗುತ್ತದೆ, ವಕೀಲರ ಫೀಸು ಬೇರೆ. ಬಾಡಿಗೆದಾರರು ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. ಪಾಳಿ ಕಡಿಮೆಯಾಗಿತ್ತು, ಗಿಲ್‌ರಾಯ್‌ನಲ್ಲಿ ಅಕ್ಕನ ಮನೆಗೆ ಹೋಗುವ ಯೋಚನೆ ಅವರಿಗೂ ಇತ್ತು. ಮುಂಗಡ ಕೊಟ್ಟು ಸಾಮಾನು ಸಾಗಿಸಲು ದುಡ್ಡಿರಲಿಲ್ಲ. ವಕೀಲರು ಒಪ್ಪಂದ ಬರೆದುಕೊಟ್ಟರು: 30 ದಿನದಲ್ಲಿ ಮನೆ ಬಿಡುವುದು, ಬಾಕಿ ಮನ್ನಾ, ಹೊರಡುವ ದಿನ 1,500 ಡಾಲರ್. ಬಿಡುವ ದಿನ ಮಾಲೀಕರು ಚೆಕ್ ಹಿಡಿದು ನಿಂತಿದ್ದರು. ಆಕೆ ಒಲೆಯ ತಟ್ಟೆಗಳನ್ನೆಲ್ಲ ಉಜ್ಜಿ ತೊಳೆದು ಒರೆಸಿಟ್ಟಿದ್ದರು. ಎರಡು ಬೀಗದಕೈ, ಅಂಚೆ ಡಬ್ಬಿಯ ಒಂದು ಚಿಕ್ಕ ಕೀ ಕೊಟ್ಟು, ಡೆಪಾಸಿಟ್ ಲೆಕ್ಕ ಕಳಿಸಲು ಅಕ್ಕನ ವಿಳಾಸವನ್ನು ಕಾಗದದ ಮೇಲೆ ಬರೆದರು. ಆ ಲೆಕ್ಕ ಕೊಡಲು ಕಾನೂನು ಕೊಡುವುದು 21 ದಿನ. ಮಾಲೀಕರು ಹನ್ನೆರಡನೇ ದಿನ ಕಳಿಸಿದರು.