ಅಣುವೋ ರೇಣುವೋ: ಹತ್ತನೇ ಕ್ಲಾಸಿನ ಕೆಮಿಸ್ಟ್ರಿ ಗೋಜಲಾದದ್ದು ಹೇಗೆ

ಮುಂಬೈಯ ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಹತ್ತನೇ ಕ್ಲಾಸಿನ ಆಸುಪಾಸಿನ ಮಕ್ಕಳು ಮೂವರು. ಒಬ್ಬಳು ಸ್ಟೇಟ್ ಬೋರ್ಡು, ಮರಾಠಿ ಮಾಧ್ಯಮ. ಒಬ್ಬ ಸಿಬಿಎಸ್‌ಇ. ಇನ್ನೊಬ್ಬಳು ಐಸಿಎಸ್‌ಇ. ಮೂವರ ಮನೆಮಾತೂ ಕನ್ನಡವೇ. ರಜೆಗೆ ಹುಬ್ಬಳ್ಳಿಯಿಂದ ಅಣ್ಣನ ಮಗ ಬಂದಿದ್ದ. ಅವನದು ಕನ್ನಡ ಮಾಧ್ಯಮ. ನಾಲ್ವರೂ ನಮ್ಮ ಹಾಲಿನಲ್ಲಿ ಕೂತು ಕೆಮಿಸ್ಟ್ರಿ ಓದಲು ಶುರು ಮಾಡಿದರು. ಅರ್ಧ ಗಂಟೆಯಲ್ಲಿ ಜಗಳ.

"ನೀರಿನ ಒಂದು ರೇಣುವಿನಲ್ಲಿ ಮೂರು ಅಣು" ಅಂದಳು ಮರಾಠಿ ಶಾಲೆಯ ಹುಡುಗಿ.

"ರೇಣು ಅಂದ್ರ ನಮ್ಮ ಓಣಿ ಅಕ್ಕನ ಹೆಸರು" ಅಂತ ಹುಬ್ಬಳ್ಳಿಯವನು ನಕ್ಕ. "ಒಂದು ಅಣುವಿನಾಗ ಮೂರು ಪರಮಾಣು ಇರ್ತಾವ."

ಇಬ್ಬರೂ ಪುಸ್ತಕ ತೆಗೆದು ತೋರಿಸಿದರು. ಇಬ್ಬರದೂ ಸರಿ.

ಗೋಜಲು ಇಷ್ಟೇ. ಇಂಗ್ಲಿಷಿನ ಆಟಂ ಕನ್ನಡದಲ್ಲಿ ಪರಮಾಣು, ಮರಾಠಿಯಲ್ಲಿ ಅಣು. ಮಾಲಿಕ್ಯೂಲ್ ಕನ್ನಡದಲ್ಲಿ ಅಣು, ಮರಾಠಿಯಲ್ಲಿ ರೇಣು. ಹಿಂದಿ ಇಲ್ಲಿ ಕನ್ನಡದ ಕಡೆಗಿದೆ. ನಮ್ಮ ಮನೆಯಿಂದ ಸ್ವಲ್ಪ ದೂರದ ಟ್ರಾಂಬೆಯಲ್ಲಿರುವ ಭಾಭಾ ಅಟಾಮಿಕ್ ರಿಸರ್ಚ್ ಸೆಂಟರಿಗೆ ಹಿಂದಿಯಲ್ಲಿ ಪರಮಾಣು ಕೇಂದ್ರ ಅನ್ನುತ್ತಾರೆ, ಮರಾಠಿಯಲ್ಲಿ ಅಣು ಕೇಂದ್ರ. ಅಲ್ಲಿಯವರು ವಾಸಿಸುವ ಕಾಲೊನಿ ಅಣುಶಕ್ತಿ ನಗರ. ಕನ್ನಡ ಪಠ್ಯಪುಸ್ತಕದ ಲೆಕ್ಕದಲ್ಲಿ ಅದು ಮಾಲಿಕ್ಯೂಲ್ ನಗರ!

ಹಾಗಂತ ಕನ್ನಡದವರು ನಗುವಂತಿಲ್ಲ. ನಮ್ಮ ಪತ್ರಿಕೆಗಳಲ್ಲೂ ಕೈಗಾದ್ದು ಅಣುಸ್ಥಾವರ, ಹಿರೋಷಿಮಾದ ಮೇಲೆ ಬಿದ್ದದ್ದು ಅಣುಬಾಂಬು. ಶಾಲೆಯೊಳಗೆ ಒಂದು ಅರ್ಥ, ಬೀದಿಯಲ್ಲಿ ಇನ್ನೊಂದು.

ಈ ಮಾತುಗಳ ಬೇರು ಹಳೆಯದು. ವೈಶೇಷಿಕ ದರ್ಶನದಲ್ಲಿ ಇನ್ನು ಒಡೆಯಲಾಗದ ಕಣ ಪರಮಾಣು. ಎರಡು ಸೇರಿದರೆ ದ್ವ್ಯಣುಕ. ಕಿಟಕಿಯಿಂದ ಬಿಸಿಲು ಬಿದ್ದಾಗ ತೇಲುತ್ತ ಕಾಣುವ ಧೂಳಿನ ಕಣಕ್ಕೆ ತ್ರಸರೇಣು. ಹೊಸ ವಿಜ್ಞಾನಕ್ಕೆ ಹೆಸರು ಬೇಕಾದಾಗ ಎಲ್ಲರೂ ಈ ಒಂದೇ ಡಬ್ಬಿಗೆ ಕೈ ಹಾಕಿದರು. ಕೈಗೆ ಸಿಕ್ಕದ್ದು ಬೇರೆ ಬೇರೆ.

ಇದಕ್ಕಿಂತ ಜಾಸ್ತಿ ಕಾಡುವುದು ಧಾತು. ಕನ್ನಡ ಪುಸ್ತಕದಲ್ಲಿ ಧಾತು ಅಂದರೆ ಎಲಿಮೆಂಟ್. ಚಿನ್ನವೂ ಧಾತು, ಆಕ್ಸಿಜನ್ನೂ ಧಾತು. ಮರಾಠಿಯಲ್ಲಿ ಧಾತು ಅಂದರೆ ಲೋಹ. ಎಲಿಮೆಂಟಿಗೆ ಅವರು ಮೂಲದ್ರವ್ಯ ಅನ್ನುತ್ತಾರೆ. ಅಂದರೆ ಆಕ್ಸಿಜನ್ ಹುಬ್ಬಳ್ಳಿಯಲ್ಲಿ ಧಾತು, ಚೆಂಬೂರಿನಲ್ಲಿ ಅಧಾತು. ಮನೆಯಲ್ಲಿ ಅಪ್ಪ ತಾವು ಊರಲ್ಲಿ ಕಲಿತದ್ದನ್ನು ಹೇಳಿಕೊಡುತ್ತಾರೆ, ಮಗಳು ಹಾಗೇ ಬರೆದು ಒಂದು ಮಾರ್ಕು ಕಳೆದುಕೊಳ್ಳುತ್ತಾಳೆ. ಟೀಚರು ತಪ್ಪು ಹಾಕಿದ್ದೂ ನ್ಯಾಯವೇ.

ಮೇಲಿನ ಮಹಡಿಯ ಅಜ್ಜ ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅವರಿಗೆ ಈ ಎರಡೂ ರೂಢಿ ಗೊತ್ತಿಲ್ಲ. ಅವರದು ಮೂರನೆಯದು: ಹೈಡ್ರೋಜನ್, ಆಕ್ಸಿಜನ್ ಅನ್ನದೆ ಕನ್ನಡದ ಹೆಸರು, ಪಕ್ಕದಲ್ಲಿ ಪರಮಾಣು ತೂಕ. "ಜಲಜನಕ 1, ಇಂಗಾಲ 12, ಸಾರಜನಕ 14, ಆಮ್ಲಜನಕ 16" ಅಂತ ಈಗಲೂ ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಚಂದದ ಹೆಸರುಗಳು. ಆದರೆ ಆಮ್ಲಜನಕ ಎಂಬ ಹೆಸರಿನೊಳಗೆ ಒಂದು ಹಳೇ ತಪ್ಪು ಕೂತಿದೆ. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆ ಅಂತ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ ನಂಬಿದ್ದ. ಅದಕ್ಕೇ ಆಮ್ಲ ಹುಟ್ಟಿಸುವಂಥದ್ದು ಎಂಬ ಅರ್ಥದ ಗ್ರೀಕ್ ಹೆಸರು ಕೊಟ್ಟ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ ಅಂತ 1810ರ ಹೊತ್ತಿಗೆ ಇಂಗ್ಲೆಂಡಿನ ಡೇವಿ ತೋರಿಸಿಕೊಟ್ಟ. ಹೆಸರು ಬದಲಾಗಲಿಲ್ಲ. ನಾವು ಅದನ್ನು ನಿಷ್ಠೆಯಿಂದ ಅನುವಾದ ಮಾಡಿಕೊಂಡೆವು, ತಪ್ಪಿನ ಸಮೇತ.

ಇನ್ನು ಎಲ್ಲ ಎಲಿಮೆಂಟುಗಳನ್ನು ಗುಣದ ಪ್ರಕಾರ ಜೋಡಿಸಿಟ್ಟ ಆವರ್ತ ಕೋಷ್ಟಕದ, ಅಂದರೆ ಪೀರಿಯಾಡಿಕ್ ಟೇಬಲಿನ ಕಥೆ. 1789ರಲ್ಲಿ ಲವಾಸಿಯೆಯ ಪಟ್ಟಿಯಲ್ಲಿ 33 ಹೆಸರು, 1869ರಲ್ಲಿ ಈ ಕೋಷ್ಟಕ ಮಾಡಿದ ರಷ್ಯಾದ ಮೆಂಡಲೀವ್ ಮುಂದೆ 63, ಈಗ ಗೋಡೆಯ ಮೇಲೆ 118. ಮೆಂಡಲೀವ್ ಜೋಡಿಸಿದ್ದು ತೂಕದ ಪ್ರಕಾರ. ಗುಣ ಹೊಂದದ ಕಡೆ ಖಾಲಿ ಜಾಗ ಬಿಟ್ಟ. ಆ ಖಾಲಿ ಜಾಗಗಳಿಗೆ ಅವನಿಟ್ಟ ಹೆಸರು ಏಕ ಅಲ್ಯೂಮಿನಿಯಂ, ಏಕ ಸಿಲಿಕಾನ್. ಹೌದು, ನಮ್ಮ ಸಂಸ್ಕೃತದ ಏಕವೇ. 1875ರಲ್ಲಿ ಏಕ ಅಲ್ಯೂಮಿನಿಯಂನ ಜಾಗಕ್ಕೆ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವನು ಸಾಂದ್ರತೆ 4.7 ಅಂದ. ಇಲ್ಲ, 5.9 ಇರಬೇಕು, ಇನ್ನೊಮ್ಮೆ ಅಳೆದು ನೋಡು ಅಂದ ಮೆಂಡಲೀವ್. ವಸ್ತುವನ್ನು ಕಣ್ಣಲ್ಲೂ ನೋಡದವನ ಮಾತು! ಶುದ್ಧ ಮಾಡಿ ಅಳೆದಾಗ 5.9 ಬಂತು.

ಅವನಿಗೂ ಕಾಣದ್ದು ಇತ್ತು ಅನ್ನಿ. 1868ರ ಆಗಸ್ಟ್ 18ರ ಸೂರ್ಯಗ್ರಹಣ ನೋಡಲು ನಮ್ಮ ಜಮಖಂಡಿಗೂ ಒಂದು ಬ್ರಿಟಿಷ್ ತಂಡ ಬಂದಿತ್ತು. ಆ ವರ್ಷ ಸೂರ್ಯನ ಬೆಳಕಿನಲ್ಲಿ ಸಿಕ್ಕ ಹಳದಿ ಗೆರೆಯೇ ಹೀಲಿಯಂನ ಮೊದಲ ಗುರುತು. ಮರುವರ್ಷದ ಕೋಷ್ಟಕದಲ್ಲಿ ಅದಕ್ಕೆ ಒಂದು ಖಾಲಿ ಮನೆಯೂ ಇರಲಿಲ್ಲ.

ತೂಕದ ಲೆಕ್ಕದಲ್ಲಿ ಟೆಲ್ಲೂರಿಯಂ (127.6) ಅಯೋಡಿನ್‌ಗಿಂತ (126.9) ಆಮೇಲೆ ಬರಬೇಕು. ಗುಣ ನೋಡಿದರೆ ಮೊದಲು. ಮುಖ್ಯವಾದದ್ದು ತೂಕವಲ್ಲ, ನ್ಯೂಕ್ಲಿಯಸ್ಸಿನ ಚಾರ್ಜು ಅಂತ 1913ರಲ್ಲಿ ಇಂಗ್ಲೆಂಡಿನ ಮೋಸ್ಲಿ ಎಕ್ಸ್‌ರೇ ಹಿಡಿದು ತೋರಿಸಿದ ಮೇಲೆ ಈ ತಕರಾರು ಮುಗಿಯಿತು. ಎರಡು ವರ್ಷದ ನಂತರ ಟರ್ಕಿಯ ಗಲಿಪೊಲಿಯ ಯುದ್ಧದಲ್ಲಿ ಸತ್ತಾಗ ಅವನಿಗೆ 27 ವರ್ಷ.

ಶಾಲೆಯ ತಕರಾರು ಮಾತ್ರ ಮುಗಿದಿಲ್ಲ. ಸ್ಟೇಟ್ ಬೋರ್ಡಿನ ಪಠ್ಯಪುಸ್ತಕ ಮಾಡುವ ಪುಣೆಯ ಬಾಲಭಾರತಿ 2018ರಲ್ಲಿ ತಂದ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಕೋಷ್ಟಕ ಎರಡನೇ ಪಾಠ, ಗುರುತ್ವಾಕರ್ಷಣೆ ಮುಗಿದ ಕೂಡಲೇ. ಐಸಿಎಸ್‌ಇಯಲ್ಲಿ ಒಂಬತ್ತರಲ್ಲೂ ಇದೆ, ಹತ್ತರಲ್ಲೂ ಇದೆ. ಸಿಬಿಎಸ್‌ಇ ಮಕ್ಕಳು ಓದುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಮೊದಲು ಐದನೇ ಪಾಠವಾಗಿತ್ತು. ಕೋವಿಡ್ ನಂತರ ಓದಿನ ಭಾರ ಇಳಿಸಲು ಕೆಲವು ಪಾಠ ತೆಗೆದರು. 2023ರಲ್ಲಿ ಬಂದ ಪುಸ್ತಕದಲ್ಲಿ ಅದು ಇರಲಿಲ್ಲ. ಜೀವವಿಕಾಸದ ಭಾಗ ಹೋದದ್ದೂ ಆಗಲೇ. ಗದ್ದಲವಾಯಿತು. ಹನ್ನೊಂದರಲ್ಲಿ ಇದ್ದೇ ಇದೆಯಲ್ಲ ಎಂಬ ಉತ್ತರ ಬಂತು. ಇದೆ, ಹನ್ನೊಂದರಲ್ಲಿ ಸೈನ್ಸ್ ತಗೊಂಡವರಿಗೆ.

ಭಾರದ ಮಾತು ಸುಳ್ಳಲ್ಲ. ಆದರೆ ಕೋಷ್ಟಕ ಭಾರ ಇಳಿಸುವ ಸಾಮಾನು, ಅಲ್ವಾ? ಸಿಬಿಎಸ್‌ಇ ಹುಡುಗನಿಗೆ ಒಂಬತ್ತರಲ್ಲಿ ಓದಿದ ಸೋಡಿಯಂ 2, 8, 1 (ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿಗೆ ಎಲೆಕ್ಟ್ರಾನುಗಳ ಲೆಕ್ಕ) ಬಾಯಿಪಾಠ. ಪೊಟ್ಯಾಸಿಯಂ 2, 8, 8, 1 ಕೂಡ ಬಾಯಿಪಾಠ. ಎರಡಕ್ಕೂ ಕೊನೆಯಲ್ಲಿ 1 ಯಾಕೆ ಅಂತ ಕೇಳಿದೆ. ಸುಮ್ನೆ ನನ್ನ ಮುಖ ನೋಡಿದ. ಐಸಿಎಸ್‌ಇ ಹುಡುಗಿ ತನ್ನ ಪುಸ್ತಕದ ಹಿಂದಿನ ರಟ್ಟು ತೆರೆದು, ಕೋಷ್ಟಕದ ಒಂದೇ ಕಾಲಂನಲ್ಲಿ ಮೇಲೆ ಕೆಳಗೆ ಇದ್ದ ಎರಡೂ ಚೌಕಗಳ ಮೇಲೆ ಬೆರಳಿಟ್ಟಳು. "ಓ, ಒಂದರ ಕೆಳಗೆ ಒಂದಾ? ಇಷ್ಟೇನಾ?" ಅಂದ ಅವನು. ಆಮೇಲೆ ಲಿಥಿಯಂ, ರುಬಿಡಿಯಂ ತಾನೇ ಹೇಳಿದ.

ಮರಾಠಿ ಶಾಲೆಯ ಹುಡುಗಿ ಈಗ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಮೂರು ಕಾಲಂ ಗೆರೆ ಹಾಕಿಕೊಂಡಿದ್ದಾಳೆ: ಶಾಲೆಯದು, ಅಪ್ಪನದು, ಇಂಗ್ಲಿಷಿನದು. ಮುಂದಿನ ವರ್ಷ ಅವಳು ಸೈನ್ಸ್ ಸೇರುವವಳು, ಆಗ ಮೂರನೆಯ ಕಾಲಂ ಒಂದೇ ಸಾಕು. ಸಿಬಿಎಸ್‌ಇ ಹುಡುಗನ ಹತ್ತನೇ ಪರೀಕ್ಷೆ ಆಗಲೇ ಮುಗಿದಿದೆ. ಅವನು ಕಾಮರ್ಸ್ ತಗೊಂಡಿದ್ದಾನೆ.