ನೀರು ಕುಡಿಯದ ಕಾಳು, ಬೇಲಿ ಹತ್ತುವ ಬಳ್ಳಿ

ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ಸಂಸಾರ ಹೂಡಿದವರಿಗೆ ಬೇಗ ಒಗ್ಗುವ ತಿಂಡಿ ಮಿಸಳ್. ಅದಕ್ಕೆ ಬೇಕಾದ ಮಡಿಕೆ ಕಾಳು ನಮಗೆ ಹೊಸದಲ್ಲ, ಇಲ್ಲಿ ಅದನ್ನು ಮಟಕಿ ಎನ್ನುತ್ತಾರೆ, ಅಷ್ಟೇ. ರಾತ್ರಿ ನೆನೆಹಾಕಿ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಬಿಳಿ ಮೊಳಕೆ. ಆದರೆ ಪ್ರತಿ ಸಲವೂ ಪಾತ್ರೆಯ ತಳದಲ್ಲಿ ಎಂಟು ಹತ್ತು ಕಾಳು ಹಾಗೆಯೇ ಉಳಿದಿರುತ್ತವೆ. ನೆನೆದಿಲ್ಲ, ಉಬ್ಬಿಲ್ಲ, ಬೇಯಿಸಿದರೂ ಹಲ್ಲಿಗೆ ಸಿಕ್ಕಿ ಕಟಕ್ಕೆನ್ನುತ್ತವೆ. ಅವ್ವ ಅವನ್ನು ಸತ್ತ ಕಾಳು ಎಂದು ಆರಿಸಿ ಎಸೆಯುತ್ತಿದ್ದಳು. ನಾನೂ ಹಾಗೆಯೇ ನಂಬಿದ್ದೆ. ಅವು ಸತ್ತಿರಲಿಲ್ಲ ಎಂದು ನನಗೆ ತಿಳಿದದ್ದು ನಮ್ಮ ಮನೆಯ ಹಿಂದಿನ ಬೇಲಿಯಿಂದ.

ಸಿಂಹಗಡ ರಸ್ತೆಯ ಕಡೆಗಿರುವ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ನಮ್ಮ ಮನೆ. ಹಿಂದೆ ಎರಡು ಮಾರಿನಷ್ಟು ಮಣ್ಣು, ಅದರಾಚೆ ತಂತಿ ಜಾಲರಿಯ ಬೇಲಿ, ಬೇಲಿಯಾಚೆ ಸಾಲಾಗಿ ನಿಂತ ಸ್ಕೂಟರುಗಳು. ಅಡುಗೆಮನೆಯ ಕಿಟಕಿ ತೆರೆದರೆ ಕಾಣುವುದು ಇಷ್ಟೇ. ಒಂದು ಮೇ ತಿಂಗಳಲ್ಲಿ ಪಕ್ಕದ ಮನೆಯ ಆಜಿ ಕಾಗದದ ಪೊಟ್ಟಣದಲ್ಲಿ ಒಂದು ಹಿಡಿ ಕಪ್ಪು ಬೀಜ ಕೊಟ್ಟರು. ಗೋಕರ್ಣದ ಬೀಜ ಎಂದರು. ಊರಿನ ಹೆಸರು ಕೇಳಿದಂತಾಗಿ ಒಂದು ಕ್ಷಣ ತಬ್ಬಿಬ್ಬಾದೆ. ಅದು ನಮ್ಮ ಶಂಖಪುಷ್ಪ. ಮರಾಠಿಯವರಿಗೆ ಆ ಹೂವಿನಲ್ಲಿ ಆಕಳ ಕಿವಿ ಕಂಡಿದೆ, ಕನ್ನಡದವರಿಗೆ ಶಂಖ ಕಂಡಿದೆ. ನನಗಂತೂ ಎರಡೂ ಸರಿಯೆನಿಸುತ್ತದೆ.

ಮೃಗಶಿರಾ ಮಳೆ ಹಿಡಿದ ಮೇಲೆ ಇಪ್ಪತ್ತು ಬೀಜ ಊರಿದೆ. ಮೂರು ವಾರಕ್ಕೆ ಎರಡು ಸಸಿ. ಉಳಿದವು ಕೊಳೆತಿರಬೇಕು ಎಂದು ಮಣ್ಣು ಕೆದಕಿದರೆ ಒಂದೂ ಕೊಳೆತಿರಲಿಲ್ಲ. ಪೊಟ್ಟಣದಲ್ಲಿ ಹೇಗಿದ್ದವೋ ಹಾಗೆಯೇ, ಗಟ್ಟಿಯಾಗಿ, ಹೊಳೆಯುತ್ತಾ ಕುಳಿತಿದ್ದವು. ಅಷ್ಟು ಮಳೆಯಲ್ಲಿ ಒಂದು ಹನಿ ನೀರೂ ಅವುಗಳ ಒಳಗೆ ಹೋಗಿರಲಿಲ್ಲ. ಮಟಕಿಯ ಪಾತ್ರೆ ನೆನಪಾದದ್ದು ಆಗ.

ಮಡಿಕೆ, ಹುರುಳಿ, ಶಂಖಪುಷ್ಪ ಇವೆಲ್ಲ ಒಂದೇ ದ್ವಿದಳ ಧಾನ್ಯದ ಕುಟುಂಬದವು. ಈ ಕುಟುಂಬದ ಅನೇಕ ಬೀಜಗಳ ಸಿಪ್ಪೆಯಲ್ಲಿ ಕಡ್ಡಿಯಾಕಾರದ ಕೋಶಗಳು ಬೆಂಕಿಪೆಟ್ಟಿಗೆಯಲ್ಲಿ ಕಡ್ಡಿ ಜೋಡಿಸಿದ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳ ಗೋಡೆಗಳಲ್ಲಿ ನೀರನ್ನು ಹತ್ತಿರ ಬಿಡದ ಮೇಣದಂತಹ ವಸ್ತುಗಳು ತುಂಬಿರುತ್ತವೆ. ಬೀಜ ಬಲಿತು ಒಣಗುವಾಗ ಈ ಪದರ ಬಿಗಿದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಒಳಗೆ ಭ್ರೂಣ ಜೀವಂತವಾಗಿದೆ, ಅದರ ಬುತ್ತಿಯೂ ಅಲ್ಲೇ ಇದೆ. ಇಲ್ಲದ್ದು ನೀರೊಂದೇ. ಸಿಪ್ಪೆಯಲ್ಲಿ ದುರ್ಬಲವಾದ ಒಂದು ಜಾಗವಿರುತ್ತದೆ: ಬೀಜವು ಕಾಯಿಗೆ ಅಂಟಿಕೊಂಡಿದ್ದ ಗುರುತಿನ ಪಕ್ಕದಲ್ಲಿ, ಕಣ್ಣಿಗೆ ಕಾಣಿಸದಷ್ಟು ಚಿಕ್ಕದು. ಬೇಸಿಗೆಯಲ್ಲಿ ನೆಲದ ಮೇಲ್ಮೈ ಹಗಲು ಕಾದು ರಾತ್ರಿ ತಣಿದು, ಮತ್ತೆ ಕಾದು ಮತ್ತೆ ತಣಿದು, ವಾರಗಟ್ಟಲೆ ಹೀಗೆ ನಡೆದಾಗ ಆ ಜಾಗ ಸಡಿಲವಾಗಿ ಬಿರುಕು ಬಿಡುತ್ತದೆ. ಆಮೇಲೆ ಬಿದ್ದ ಮಳೆಗೆ ಬೀಜ ನೀರು ಕುಡಿಯುತ್ತದೆ. ಆಜಿಯ ಬೀಜ ಬೇಸಿಗೆಯನ್ನು ಕಳೆದದ್ದು ಬಿಸಿಲಿನಲ್ಲಲ್ಲ, ಕಪಾಟಿನ ತಂಪಿನಲ್ಲಿ. ಬೇಸಿಗೆ ಕಳೆದಿದೆಯೆಂದು ಅದಕ್ಕೆ ತಿಳಿಯುವ ದಾರಿಯೇ ಇರಲಿಲ್ಲ.

ಹಾಗಾಗಿ ಆ ಬೇಸಿಗೆಯ ಕೆಲಸವನ್ನು ನಾನು ಕೈಯಲ್ಲಿ ಮಾಡಿದೆ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಹಾಳೆ ಸ್ಯಾಂಡ್‌ಪೇಪರ್ ತಂದು, ಬೀಜವನ್ನು ಎರಡು ಬೆರಳಲ್ಲಿ ಹಿಡಿದು, ಕಾಯಿಗೆ ಅಂಟಿದ್ದ ಗುರುತನ್ನು ಬಿಟ್ಟು ಎದುರು ಬದಿಯನ್ನು ನಾಲ್ಕೈದು ಸಲ ಉಜ್ಜಿದೆ. ಕಪ್ಪು ಸಿಪ್ಪೆ ಸವೆದು ಒಳಗಿನ ತಿಳಿ ಬಣ್ಣ ಎಳ್ಳುಕಾಳಿನಷ್ಟು ಕಂಡರೆ ಸಾಕು, ಇನ್ನೂ ಆಳಕ್ಕೆ ಹೋದರೆ ಭ್ರೂಣಕ್ಕೆ ಪೆಟ್ಟು. ಹತ್ತು ಬೀಜ ಉಜ್ಜಿ ಒಂದು ಬಟ್ಟಲಿಗೆ, ಉಜ್ಜದ ಹತ್ತು ಬೀಜ ಇನ್ನೊಂದಕ್ಕೆ ಹಾಕಿ, ಎರಡಕ್ಕೂ ನೀರೆರೆದು ಮಲಗಿದೆ. ಬೆಳಿಗ್ಗೆ ನೋಡಿದರೆ ಉಜ್ಜಿದವೆಲ್ಲ ಉಬ್ಬಿ ಮೆತ್ತಗಾಗಿ ಪಕ್ಕದ ಬಟ್ಟಲಿನವುಗಳ ಒಡಹುಟ್ಟು ಎನ್ನಲಾಗದಷ್ಟು ದೊಡ್ಡದಾಗಿದ್ದವು. ವಾರ ಕಳೆಯುವುದರೊಳಗೆ ಬೇಲಿಯ ಬುಡದಲ್ಲಿ ಒಂಬತ್ತು ಸಸಿ ಎದ್ದಿದ್ದವು.

ಗಿಡಕ್ಕೆ ಇಷ್ಟೆಲ್ಲ ಬಿಗಿ ಬಂದೋಬಸ್ತು ಏಕೆ ಎಂದರೆ ನಮ್ಮ ಮೇ ತಿಂಗಳನ್ನು ನೆನೆಸಿಕೊಳ್ಳಬೇಕು. ಒಂದು ಸಂಜೆ ಗುಡುಗು ಸಿಡಿಲಿನೊಂದಿಗೆ ಮಳೆ ಹೊಯ್ಯುತ್ತದೆ, ಮರುದಿನದಿಂದ ಎರಡು ವಾರ ಸುಡುಬಿಸಿಲು. ಆ ಒಂದು ಮಳೆಯನ್ನು ನಂಬಿ ಎಲ್ಲ ಬೀಜಗಳೂ ಮೊಳೆತರೆ ಎಲ್ಲವೂ ಸುಟ್ಟುಹೋಗುತ್ತವೆ. ಒಂದೇ ಕಾಯಿಯ ಬೀಜಗಳ ಸಿಪ್ಪೆಯೂ ಒಂದೇ ಗಟ್ಟಿಯಿರುವುದಿಲ್ಲ. ಒಂದಿಷ್ಟು ಈ ವರ್ಷ, ಒಂದಿಷ್ಟು ಮುಂದಿನ ವರ್ಷ, ಕೆಲವು ಅದಕ್ಕೂ ಆಚೆ. ಗಟ್ಟಿ ಸಿಪ್ಪೆಯ ಬೀಜ ಎಷ್ಟು ಕಾಲ ಕಾಯಬಲ್ಲದು ಎಂಬುದಕ್ಕೆ ತಾವರೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಚೀನಾದ ಒಂದು ಒಣಗಿದ ಕೆರೆಯ ಮಣ್ಣಿನಲ್ಲಿ ಸಿಕ್ಕ ತಾವರೆಯ ಬೀಜವೊಂದು ಸುಮಾರು 1,300 ವರ್ಷ ಹಳೆಯದೆಂದು ಕಾಲನಿರ್ಣಯವಾಯಿತು, ಅದು ಮೊಳೆತೂ ಇತ್ತು. 1995ರಲ್ಲಿ ಆ ವರದಿ ಪ್ರಕಟವಾಯಿತು. ನಮ್ಮಲ್ಲಿ ಬಾದಾಮಿಯ ಚಾಲುಕ್ಯರು ಆಳುತ್ತಿದ್ದ ಕಾಲದ ಬೀಜವದು.

ಎಲ್ಲ ಬೀಜವೂ ನೀರಿಗಾಗಿಯೇ ಕಾಯುವುದಿಲ್ಲ. ಪುಣೆಯ ಚಳಿಗಾಲಕ್ಕೆ ಹೇಳಿ ಮಾಡಿಸಿದ ಹೂವು ಪೆಟೂನಿಯಾ. ಬೇಲಿಯ ಕೆಳಭಾಗಕ್ಕೆ ತೂಗುಬುಟ್ಟಿ ಕಟ್ಟಿದರೆ ಅದರಿಂದ ಧಾರಾಳವಾಗಿ ಇಳಿಬೀಳುತ್ತದೆ. ಮೊದಲ ಅಕ್ಟೋಬರಿನಲ್ಲಿ ನಾನು ಅದರ ಬೀಜವನ್ನು ಮಣ್ಣಿನಲ್ಲಿ ಅರ್ಧ ಬೆರಳು ಆಳಕ್ಕೆ ಹೂತು ತಿಂಗಳು ಪೂರ್ತಿ ನೀರು ಹಾಕಿದೆ. ಒಂದೂ ಬರಲಿಲ್ಲ. ಪೆಟೂನಿಯಾ ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಮಿಗೆ ಸುಮಾರು 10,000 ತೂಗುತ್ತವೆ. ಅಷ್ಟು ಚಿಕ್ಕ ಬುತ್ತಿ ಕಟ್ಟಿಕೊಂಡ ಮೊಳಕೆ ಅರ್ಧ ಬೆರಳು ಮಣ್ಣನ್ನು ನೂಕಿ ಮೇಲೆ ಬರಲಾರದು. ಅದಕ್ಕೇ ಅಂತಹ ಬೀಜಗಳು ಮೊದಲು ಬೆಳಕು ತಾಗುತ್ತಿದೆಯೇ ಎಂದು ನೋಡಿಕೊಳ್ಳುತ್ತವೆ.

ಬೆಳಕನ್ನು ಬೀಜ ಹೇಗೆ ಗುರುತಿಸುತ್ತದೆ ಎಂಬುದು ಬಯಲಾದದ್ದು 1952ರಲ್ಲಿ, ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ. ಬೋರ್ತ್‌ವಿಕ್ ಮತ್ತು ಹೆಂಡ್ರಿಕ್ಸ್ ಅವರ ತಂಡ ನೆನೆಸಿದ ಲೆಟಿಸ್ ಬೀಜಗಳ ಮೇಲೆ ಒಮ್ಮೆ ಕೆಂಪು ಬೆಳಕು, ಇನ್ನೊಮ್ಮೆ ಕೆಂಪಿನ ಅಂಚಿನಾಚೆಯ, ನಮ್ಮ ಕಣ್ಣಿಗೆ ಬಹುಮಟ್ಟಿಗೆ ಕಾಣದ ಬೆಳಕು, ಹೀಗೆ ಒಂದಾದ ಮೇಲೊಂದು ಹಾಯಿಸುತ್ತಾ ಹೋಯಿತು. ಕೊನೆಗೆ ಬಿದ್ದದ್ದು ಕೆಂಪಾದರೆ ಬೀಜ ಮೊಳೆಯಿತು, ಆಚೆಯದಾದರೆ ಸುಮ್ಮನಿತ್ತು. ಮೊದಲಿನವನ್ನೆಲ್ಲ ಬೀಜ ಮರೆತು ಕೊನೆಯದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಈ ಎರಡು ಬೆಳಕಿಗೆ ತಕ್ಕಂತೆ ರೂಪ ಬದಲಿಸುವ ವರ್ಣದ್ರವ್ಯಕ್ಕೆ ಫೈಟೊಕ್ರೋಮ್ ಎಂದು ಹೆಸರಾಯಿತು. ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು ಆಚೆಯದನ್ನು ಕೆಳಗೆ ಬಿಡುತ್ತವೆ. ಆದ್ದರಿಂದ ದೊಡ್ಡ ಗಿಡದ ನೆರಳಿನಲ್ಲಿ ಬಿದ್ದ ಸಣ್ಣ ಬೀಜಕ್ಕೆ, ತಲೆಯ ಮೇಲೆ ಬೇರೆಯವರಿದ್ದಾರೆ, ಈಗ ಏಳುವುದು ಬೇಡ ಎಂಬ ಸುದ್ದಿ ಮುಟ್ಟುತ್ತದೆ.

ಬೀಜಕ್ಕೆ ಬೆಳಕು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ಇನ್ನೊಂದು ಪ್ರಸಂಗ ನನಗೆ ಬಲು ಇಷ್ಟ. 1879ರಲ್ಲಿ ಮಿಶಿಗನ್‌ನ ವಿಲಿಯಂ ಬೀಲ್ ಎಂಬ ಸಸ್ಯಶಾಸ್ತ್ರಜ್ಞರು ಇಪ್ಪತ್ತು ಬಾಟಲಿಗಳಲ್ಲಿ ಕಳೆಗಿಡಗಳ ಬೀಜ ತುಂಬಿ ನೆಲದಲ್ಲಿ ಹೂತರು, ವರ್ಷಗಳ ಅಂತರದಲ್ಲಿ ಒಂದೊಂದನ್ನೇ ತೆಗೆದು ಬಿತ್ತಿ ನೋಡುವುದಕ್ಕೆ. ಬೀಲ್ ಹೋದ ಮೇಲೂ ಪ್ರಯೋಗ ಕೈಯಿಂದ ಕೈಗೆ ನಡೆದು ಬಂದಿದೆ. 2021ರಲ್ಲಿ ಒಂದು ಬಾಟಲಿ ತೆಗೆಯಲು ಅವರ ಉತ್ತರಾಧಿಕಾರಿಗಳು ಸಲಿಕೆ ಹಿಡಿದು ಹೋದದ್ದು ಬೆಳಗಾಗುವುದಕ್ಕೆ ಮೊದಲು, ಕತ್ತಲೆಯಲ್ಲಿ. ಸಮಯಕ್ಕೆ ಮೊದಲೇ ಬಿಸಿಲು ಸೋಕಿದರೆ ಬೀಜ ಎಚ್ಚೆತ್ತುಬಿಡಬಹುದು, ಉಳಿದ ಬಾಟಲಿಗಳ ಲೆಕ್ಕವೂ ಕೆಡಬಹುದು ಎಂಬ ಕಾಳಜಿ. 142 ವರ್ಷಗಳ ಮೇಲೂ ಕೆಲವು ಬೀಜ ಮೊಳೆತವು. ಆ ಓದಿನ ನಂತರ ನಾನು ಪೆಟೂನಿಯಾ ಬೀಜವನ್ನು ಹಸಿಮಣ್ಣಿನ ಮೇಲೆ ರಂಗೋಲಿ ಪುಡಿಯಂತೆ ಉದುರಿಸಿ, ಮುಚ್ಚದೆ, ಮೇಲೊಂದು ಗಾಜು ಇಟ್ಟೆ. ಹತ್ತನೆಯ ದಿನ ಮಣ್ಣಿನ ಮೇಲೆ ಹಸಿರು ಚುಕ್ಕೆ ಕಂಡಿತು.

ಮೊಳೆತ ಮೇಲಿನ ಒಂದು ಅಪಾಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಜುಲೈನ ಜಡಿಮಳೆಯಲ್ಲಿ ಎಳೆ ಸಸಿಗಳ ಬುಡ ನೀರುನೀರಾಗಿ ಮಲಗಿಬಿಡುತ್ತವೆ. ಇದು ಸಸಿ ಕೊಳೆ ರೋಗ. ಇದನ್ನು ತರುವ ಪೈಥಿಯಂ ಎಂಬ ಸೂಕ್ಷ್ಮಜೀವಿಯ ಬೀಜಕಣಗಳಿಗೆ ಈಜು ಗೊತ್ತು, ನಿಂತ ನೀರೇ ಅವುಗಳ ರಸ್ತೆ. ಮಣ್ಣಿಗೆ ಮರಳು ಬೆರೆಸಿ ನೀರು ಬಸಿಯುವಂತೆ ಮಾಡಿ, ಒತ್ತಾಗಿ ಬಿತ್ತದಿದ್ದರೆ ಅರ್ಧ ಗೆದ್ದಂತೆ.

ಶಂಖಪುಷ್ಪದ ಜೊತೆಗೆ ಮಾರ್ನಿಂಗ್ ಗ್ಲೋರಿಯನ್ನೂ ಹಾಕಿದ್ದೆ. ಗೆಣಸಿನ ಬಳಗದ ಬಳ್ಳಿ, ಅದರ ಬೀಜಕ್ಕೂ ಉಜ್ಜುವಿಕೆ ಬೇಕು. ಬೀಜ ವಿಷಕಾರಿ, ಮಕ್ಕಳ ಕೈಗೆ ಸಿಗದ ಹಾಗಿಡಬೇಕು. ಜುಲೈನ ಒಂದು ಭಾನುವಾರ ಮಳೆ ಬಿಡುವು ಕೊಟ್ಟಾಗ, ತಂತಿಯಿಂದ ಒಂದು ಗೇಣು ದೂರದಲ್ಲಿ ಗಾಳಿಯಲ್ಲಿ ಬಾಗಿ ನಿಂತಿದ್ದ ಅದರ ಒಂದು ಕುಡಿಯ ಮುಂದೆ ಕುಳಿತೆ. ಕುಡಿಯ ತುದಿಯ ನೇರ ಕೆಳಗೆ ಮಣ್ಣಿನಲ್ಲಿ ಒಂದು ಬೆಂಕಿಕಡ್ಡಿ ಚುಚ್ಚಿದೆ. ಕಾಲು ಗಂಟೆ ಬಿಟ್ಟು ನೋಡಿದರೆ ತುದಿ ಅಲ್ಲಿರಲಿಲ್ಲ, ಎರಡು ಬೆರಳು ಸರಿದಿತ್ತು. ಅಲ್ಲೊಂದು ಕಡ್ಡಿ. ಹೀಗೆ ಕಾಲು ಗಂಟೆಗೊಂದು ಕಡ್ಡಿ ಚುಚ್ಚುತ್ತಾ ಹೋದ ಹಾಗೆ ಎಂಟನೆಯದು ಮೊದಲನೆಯದರ ಹತ್ತಿರಕ್ಕೆ ಬಂತು. ಮಣ್ಣಿನ ಮೇಲೆ ಸೊಟ್ಟಗಿನ ಒಂದು ವೃತ್ತ ಬಿದ್ದಿತ್ತು. ಕಣ್ಣಿಲ್ಲದ ಬಳ್ಳಿ ಸುತ್ತಲಿನ ಗಾಳಿಯನ್ನೆಲ್ಲ ತಡಕುತ್ತಿತ್ತು.

ಚಾರ್ಲ್ಸ್ ಡಾರ್ವಿನ್ ಕಾಯಿಲೆಯಲ್ಲಿ ಕೋಣೆ ಹಿಡಿದಿದ್ದಾಗ ಹೀಗೆಯೇ ಬಳ್ಳಿಗಳನ್ನು ನೋಡುತ್ತಿದ್ದರು. ಬಿಯರಿಗೆ ಕಹಿ ರುಚಿ ಕೊಡುವ ಹಾಪ್ಸ್ ಬಳ್ಳಿಯ ಒಂದು ಸುತ್ತಿಗೆ ಸರಾಸರಿ ಎರಡು ಗಂಟೆ ಎಂಟು ನಿಮಿಷ ಎಂದು ಲೆಕ್ಕ ಹಾಕಿ, 1865ರಲ್ಲಿ ಹತ್ತುವ ಸಸ್ಯಗಳ ಮೇಲೆ ದೀರ್ಘ ಪ್ರಬಂಧ ಪ್ರಕಟಿಸಿದರು. ಕಾಂಡದ ಒಂದು ಪಕ್ಕ ಸ್ವಲ್ಪ ಹೆಚ್ಚು ಬೆಳೆದರೆ ತುದಿ ಎದುರು ಪಕ್ಕಕ್ಕೆ ಬಾಗುತ್ತದೆ, ಆ ಬೆಳವಣಿಗೆ ಕಾಂಡದ ಸುತ್ತ ಸರದಿಯಂತೆ ಹರಿದಾಗ ತುದಿ ಸುತ್ತು ಹೊಡೆಯುತ್ತದೆ. ದಾರಿಯಲ್ಲಿ ತಂತಿ ಸಿಕ್ಕರೆ ತಗುಲಿದ ಜಾಗ ತಡೆದು ನಿಲ್ಲುತ್ತದೆ, ಅದರ ಮೇಲಿನ ಭಾಗ ತಿರುಗುತ್ತಲೇ ಇರುತ್ತದೆ, ಬೀಸಿದ ಹಗ್ಗ ಕಂಬಕ್ಕೆ ಸುತ್ತಿಕೊಂಡ ಹಾಗೆ. ಬೇಲಿಯ ಮೂಲೆಯ ದಪ್ಪ ಕಬ್ಬಿಣದ ಕಂಬವನ್ನು ಇದೇ ಬಳ್ಳಿ ಹತ್ತಲಾರದೆ ಜಾರುತ್ತದೆ. ಬರಿಯ ಗೋಡೆಯೂ ಅದಕ್ಕೆ ಆಗದು, ಅಲ್ಲಿ ಸುತಳಿ ಕಟ್ಟಿಕೊಡಬೇಕು. ಬೆರಳಿಗಿಂತ ತೆಳ್ಳಗಿನ ತಂತಿ ಸಿಕ್ಕರೆ ಅದಕ್ಕೆ ಹಬ್ಬ.

ಮೇಲಿನ ಮನೆಯ ಹುಡುಗ ಒಂದು ಸಂಜೆ ಕುಡಿಯನ್ನು ಬಿಡಿಸಿ ಉಲ್ಟಾ ಸುತ್ತಿಟ್ಟ. ಬೆಳಿಗ್ಗೆ ಹೊಸ ತುದಿ ಅದನ್ನು ಲೆಕ್ಕಿಸದೆ ತನ್ನ ಹಳೆಯ ದಿಕ್ಕನ್ನೇ ಹಿಡಿದಿತ್ತು. ಮೇಲಿನಿಂದ ನೋಡಿದರೆ ಮಾರ್ನಿಂಗ್ ಗ್ಲೋರಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ, ಹಾಪ್ಸ್ ಮುಳ್ಳಿನ ಜೊತೆಗೆ. ಇದು ಹುಟ್ಟಿನಿಂದ ಬಂದ ರೂಢಿ, ನಾವು ಕಲಿಸಿ ಬದಲಿಸುವಂಥದ್ದಲ್ಲ. ಜಪಾನಿನಲ್ಲಿ ಸುತ್ತಲಾರದೆ ಜೋತುಬೀಳುವ ಒಂದು ಮಾರ್ನಿಂಗ್ ಗ್ಲೋರಿ ತಳಿಯಿದೆ. ಗುರುತ್ವವನ್ನು ಗ್ರಹಿಸುವ ಕೋಶಗಳು ಅದರ ಕಾಂಡದಲ್ಲಿ ಸರಿಯಾಗಿ ರೂಪುಗೊಳ್ಳುವುದಿಲ್ಲ ಎಂದು 2005ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದರು. ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯದ ಬಳ್ಳಿಗೆ ತಿರುಗುವುದೂ ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ಬೇಲಿ ನೀಲಿಯಾಯಿತು. ಮಾರ್ನಿಂಗ್ ಗ್ಲೋರಿಯ ಆಕಾಶನೀಲಿ ತಳಿಯ ಮೊಗ್ಗು ಹಿಂದಿನ ಸಂಜೆ ಕೆನ್ನೇರಳೆ, ಬೆಳಿಗ್ಗೆ ಅರಳಿದ್ದು ಶುದ್ಧ ನೀಲಿ, ಬಾಡುವಾಗ ಮತ್ತೆ ನೇರಳೆ. ಬಣ್ಣದ ವಸ್ತು ಮೂರು ಹೊತ್ತೂ ಒಂದೇ. ಆರತಿ ತಟ್ಟೆಯ ನೀರಿನಲ್ಲಿ ಅರಿಸಿನಕ್ಕೆ ಚಿಟಿಕೆ ಸುಣ್ಣ ಬಿದ್ದೊಡನೆ ಹಳದಿ ಕೆಂಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅರಿಸಿನ ಅಲ್ಲೇ ಇದೆ, ನೀರು ಆಮ್ಲವೋ ಕ್ಷಾರವೋ ಎಂಬುದಷ್ಟೇ ಬದಲಾಗಿದೆ. ಹೂವಿನ ಎಸಳಿನೊಳಗೂ ಇದೇ ನಡೆಯುತ್ತದೆ. 1995ರಲ್ಲಿ ಜಪಾನಿನ ವಿಜ್ಞಾನಿಗಳು ಎಸಳಿನ ಕೋಶರಸವನ್ನು ಅಳೆದಾಗ ಮೊಗ್ಗಿನಲ್ಲಿ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) 6.6 ಇದ್ದದ್ದು ಅರಳಿದಾಗ 7.7ಕ್ಕೆ ಏರಿತ್ತು. ಸಾಮಾನ್ಯವಾಗಿ ಎಸಳಿನ ರಸ ತುಸು ಹುಳಿಯಾಗಿರುತ್ತದೆ, ಕ್ಷಾರದ ಕಡೆಗೆ ಹೋಗುವುದು ಅಪರೂಪ. ಈ ಬಳ್ಳಿ ಪ್ರತಿ ಬೆಳಗ್ಗೆ, ಒಂದೊಂದು ಹೂವಿಗೂ ಆ ಶ್ರಮ ಪಡುತ್ತದೆ. ಶಂಖಪುಷ್ಪದ ನೀಲಿ ಕಷಾಯಕ್ಕೆ ನಿಂಬೆ ಹಿಂಡಿದರೆ ಇದೇ ಆಟ ಹಿಂದುಮುಂದಾಗಿ ನಡೆದು ನೀಲಿ ನೇರಳೆಯಾಗುತ್ತದೆ.

ಬಳ್ಳಿಗಳ ಬುಡ ಅಷ್ಟು ಹೊತ್ತಿಗೆ ಬೋಳಾಗಿರುತ್ತದೆ. ಅಲ್ಲಿಗೆ ಕರ್ಣಕುಂಡಲ, ಚೆಂಡುಹೂ. ಕರ್ಣಕುಂಡಲವನ್ನು ಇಲ್ಲಿ ತೇರಡಾ ಎನ್ನುತ್ತಾರೆ, ಕೆಲವು ಮನೆಗಳಲ್ಲಿ ಅದರ ಗಿಡವನ್ನೇ ಗೌರಿಯೆಂದು ಕೂರಿಸುತ್ತಾರೆ. ಅದರ ಬಲಿತ ಕಾಯಿಯನ್ನು ಮುಟ್ಟಿದರೆ ಕೆಲವೇ ಮಿಲಿಸೆಕೆಂಡಿನಲ್ಲಿ ಸುರುಳಿಯಾಗಿ ಸಿಡಿದು ಬೀಜ ಚೆಲ್ಲುತ್ತದೆ, ಮರುವರ್ಷ ಬಿತ್ತುವ ಕೆಲಸವೇ ಇಲ್ಲ. ದಸರಾ ತೋರಣದ ಒಣ ಚೆಂಡುಹೂವನ್ನು ಕಿತ್ತರೆ ಎಸಳಿನ ಬುಡದಲ್ಲಿ ಕಪ್ಪು ಕಡ್ಡಿಯಂತಹ ಬೀಜಗಳಿವೆ. ನಾವು ಒಂದು ಹೂವೆನ್ನುವುದು ನೂರಾರು ಪುಟ್ಟ ಹೂವುಗಳ ಗೊಂಚಲು. ಆದರೆ ಮಾರುಕಟ್ಟೆಗೆ ಹೂವನ್ನು ಎಳೆಯದರಲ್ಲೇ ಕೊಯ್ಯುವುದರಿಂದ ಬಹಳಷ್ಟು ಬೀಜ ಜೊಳ್ಳು. ಗಿಡದಲ್ಲೇ ಒಣಗಿದ ಹೂವಿನ ಬೀಜವೇ ವಾಸಿ.

ಡಿಸೆಂಬರಿನ ಒಣ ಮಧ್ಯಾಹ್ನಗಳಲ್ಲಿ ಶಂಖಪುಷ್ಪದ ಕಾಯಿ ಟಪ್ಪೆಂದು ತಿರುಚಿಕೊಂಡು ಬಿರಿಯುವ ಸದ್ದು ಅಡುಗೆಮನೆಯವರೆಗೂ ಕೇಳಿಸುತ್ತದೆ. ಆಜಿಯ ಪೊಟ್ಟಣವನ್ನು ತುಂಬಿಸಿ ಹಿಂತಿರುಗಿಸಿದೆ. ಹನ್ನೆರಡು ಬೀಜಗಳನ್ನು ಮಾತ್ರ ಉಜ್ಜದೆ, ಬೇಲಿಯ ಮೂಲೆಯಲ್ಲಿ ಬಿಸಿಲು ಬೀಳುವ ಕಡೆ ಮಣ್ಣಿನ ಮೇಲಿಟ್ಟು ಸುತ್ತ ಇಟ್ಟಿಗೆ ಜೋಡಿಸಿದೆ. ಮರುವರ್ಷದ ಜೂನ್‌ನಲ್ಲಿ ಐದು ಎದ್ದವು. ಅದರ ಮುಂದಿನ ಜೂನ್‌ನಲ್ಲಿ ಮೂರು. ಈ ಸಲ ಒಂದು. ಇನ್ನೂ ಮೂರು ಅಲ್ಲೇ ಇವೆ, ಬೆರಳಿನಿಂದ ಮುಟ್ಟಿ ನೋಡಿದೆ, ಗಟ್ಟಿಯಾಗಿವೆ.