ಅನುಸ್ವಾರದ ವೇಷದಲ್ಲಿ ಸೊನ್ನೆ

‘ಬೆ೦ಗಳೂರು’, ‘ಬೆಂಗಳೂರು’. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ಕುಳಿತಿರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅನುಸ್ವಾರದ ಸಂಖ್ಯೆ 3202, ಸೊನ್ನೆಯದು 3302. ಕಂಪ್ಯೂಟರ್‌ಗೆ ಇವು ಬೇರೆ ಬೇರೆ ಊರುಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದೇ ಇಲ್ಲ. ಹಳೆಯ ಕಡತಗಳನ್ನು ತಿದ್ದುವ ನನ್ನ ಕೆಲಸದಲ್ಲಿ ಈ ತಪ್ಪು ಪುಟಪುಟಕ್ಕೂ ಎದುರಾಗುತ್ತದೆ.

ಎಲ್ಲ ಸೊನ್ನೆಗಳನ್ನೂ ಅನುಸ್ವಾರವಾಗಿಸಿದರೆ ಮುಗಿಯಿತಲ್ಲ ಎನಿಸಬಹುದು. ಹಾಗೆ ಮಾಡಿದ ಕಡತವೊಂದು ನನ್ನ ಕೈಗೆ ಬಂದಿತ್ತು. ಪದಗಳೆಲ್ಲ ಸರಿಯಾಗಿದ್ದವು, ಇಸವಿಗಳು ಮಾತ್ರ ಕೆಟ್ಟಿದ್ದವು: ೧೯೨೦ ಇದ್ದದ್ದು ೧೯೨ಂ ಆಗಿತ್ತು. ಅಕ್ಷರವನ್ನಷ್ಟೇ ನೋಡಿದರೆ ಸಾಲದು, ಅದರ ನೆರೆಹೊರೆಯನ್ನೂ ನೋಡಬೇಕು. ಪಠ್ಯದಲ್ಲಿ ಹುಡುಕಬೇಕಾದ ಮಾದರಿಯನ್ನು ವಿವರಿಸುವ ಸೂತ್ರವಾದ ರೆಗ್ಯುಲರ್ ಎಕ್ಸ್‌ಪ್ರೆಷನ್ ಬೇಕಾಗುವುದು ಇಲ್ಲಿಯೇ.

(?<=[ಅ-ೌ])೦

ಆವರಣದೊಳಗಿನ ಭಾಗ ‘ಹಿಂದೆ ತಿರುಗಿ ನೋಡು, ಅಲ್ಲಿ ಅಕ್ಷರವೋ ಸ್ವರಚಿಹ್ನೆಯೋ ಇರಬೇಕು’ ಎನ್ನುತ್ತದೆ. ಅಂಥ ಸೊನ್ನೆ ಮಾತ್ರ ಸಿಕ್ಕಿಬೀಳುತ್ತದೆ. ಅಂಕಿಯ ನಂತರ ಬರುವ ಸೊನ್ನೆ ಸುರಕ್ಷಿತ.

ನಾನು ಬದಲಾಯಿಸುವ ಮೊದಲು ಬರೀ ಹುಡುಕಿಸಿ, ಸಿಕ್ಕ ಪದಗಳನ್ನೆಲ್ಲ ಪಟ್ಟಿ ಮಾಡಿ ಓದುತ್ತೇನೆ. ಬೇಸರದ ಕೆಲಸ, ಆದರೆ ‘ರೂ೦.೫೦’ ಕಂಡದ್ದು ಹಾಗೆಯೇ. ಐವತ್ತು ಪೈಸೆ ‘ರೂಂ.೫೦’ ಆಗಿಬಿಡುತ್ತಿತ್ತು! ಆದ್ದರಿಂದ ಮುಂದಕ್ಕೂ ಒಂದು ಕಾವಲು ಹಾಕಿದೆ:

(?<=[ಅ-ೌ])೦(?!\.?[೦-೯])

ಸೊನ್ನೆಯ ಮುಂದೆ ಅಂಕಿ ಇದ್ದರೆ, ಅಥವಾ ಚುಕ್ಕಿಯೂ ಅಂಕಿಯೂ ಇದ್ದರೆ, ಮುಟ್ಟಬೇಡ ಎಂದು ಇದರ ಅರ್ಥ.

ಕೆಟ್ಟ ಇಸವಿಗಳನ್ನು ಸರಿಪಡಿಸುವುದು ಇದರ ತಿರುಗುಮುರುಗು: (?<=[೦-೯])ಂ ಹುಡುಕಿ ೦ ಹಾಕುವುದು. ಅಂಕಿಯ ನಂತರ ಅನುಸ್ವಾರ ಬರಲು ಕಾರಣವೇ ಇಲ್ಲ. ಆದರೂ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ‘೨ಂಂಂ’ ಒಂದೇ ಸಲಕ್ಕೆ ‘೨೦೦೦’ ಆಗುವುದಿಲ್ಲ. ಎರಡನೆಯ ಬಿಂದುವಿನ ಹಿಂದೆ ಯಂತ್ರ ನೋಡುವುದು ಮೂಲ ಪಠ್ಯವನ್ನು. ಅಲ್ಲಿ ಇನ್ನೂ ಇರುವುದು ಬಿಂದುವೇ. ಬದಲಾವಣೆ ನಿಲ್ಲುವವರೆಗೆ, ಇಲ್ಲಿ ಮೂರು ಸಲ, ಓಡಿಸಬೇಕು.

ಪದ ಎಣಿಸಲು ಹೊರಟವರಿಗೆ ಇನ್ನೊಂದು ಮಾತು. ಪಾಠಗಳಲ್ಲೆಲ್ಲ ಹೇಳಿಕೊಡುವ ಬ್ಯಾಕ್‌ಸ್ಲಾಶ್ ಡಬ್ಲ್ಯು (\w, ಪದದೊಳಗಿನ ಅಕ್ಷರವನ್ನು ಹುಡುಕುವ ಗುರುತು) ಕನ್ನಡಕ್ಕೆ ಒಗ್ಗುವುದಿಲ್ಲ. ಪೈಥಾನ್ ಜೊತೆಗೇ ಬರುವ re ಮಾಡ್ಯೂಲ್ ಸ್ವರಚಿಹ್ನೆಯನ್ನೂ ಅಕ್ಷರದ ಸ್ವರವನ್ನು ತೆಗೆಯುವ ‘್’ ಚಿಹ್ನೆಯನ್ನೂ ಪದದ ಭಾಗವೆಂದು ಎಣಿಸದು. ‘ಕನ್ನಡ’ ಎಂಬುದು ‘ಕನ’, ‘ನಡ’ ಎಂದು ಎರಡು ತುಂಡಾಗುತ್ತದೆ. ನಮ್ಮ ಭಾಷೆಯ ಹೆಸರೇ ಹೀಗೆ ಒಡೆಯುವುದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಅದರ ಬದಲು [ಂ-್]+ ಎಂದು ಬರೆಯಿರಿ. ಇಂದು ಬಳಸುವ ಅಕ್ಷರ, ಚಿಹ್ನೆಗಳೆಲ್ಲ ಒಳಗೆ ಬರುತ್ತವೆ, ಅಂಕಿಗಳು ಹೊರಗುಳಿಯುತ್ತವೆ. ‘ರಾಜ್‌ಕುಮಾರ್’ ನಡುವೆ ಒತ್ತಕ್ಷರವಾಗದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವೊಂದಿದೆ, ಸಂಖ್ಯೆ 8204. ಅದನ್ನೂ ಆ ಚೌಕ ಆವರಣದೊಳಗೆ ಸೇರಿಸಿಕೊಳ್ಳಿ.